ಬಿಸಿನೀರಿನ ಅಪ್ಪಣೆ

ಒಂದಾನೊಂದು ಊರಿನಲ್ಲಿ... ಊರಿನ ಹೆಸರು ಕೇಳಬೇಡಿ ಮಕ್ಕಳೇ. ಅದು ಆ ಊರಿನ ಕೋಳಿಗಳಿಗೆ ಮಾತ್ರ ಸರಿಯಾಗಿ ಗೊತ್ತಿತ್ತು, ಅವನ್ನೆಲ್ಲ ತಿಂದುಬಿಟ್ಟರು. ಅಲ್ಲಿ ಒಲೆ ಮೇಲೆ ನಿಮ್ಮ ದೊಡ್ಡಮ್ಮನ ಸಾರು ಕುದಿಯುತ್ತಿದೆ. ಅದು ಇಳಿಯುವಷ್ಟರಲ್ಲಿ ಕತೆ ಮುಗಿಸುತ್ತೇನೆ. ಮಧ್ಯೆ ಯಾರೂ ಎದ್ದು ಹೋಗಿ ಮುಚ್ಚಳ ತೆಗೆದು ನೋಡಕೂಡದು.

ಆ ಊರನ್ನು ಬೊಮ್ಮಣ್ಣ ನಾಯಕ ಅಂತ ಒಬ್ಬ ಪಾಳೇಗಾರ ಆಳುತ್ತಿದ್ದ. ಅವನಿಗೆ ಕೋಳಿಕಾಲು ಅಂದರೆ ಪ್ರಾಣ. ಕೋಳಿ ಅಂದರೂ ಪ್ರಾಣ. ಅದೇ ತೊಂದರೆ. ಕಾಲು ಕಚ್ಚುವನು, ಅಳುವನು. "ಪಾಪ, ಬೆಳಿಗ್ಗೆ ಓಡಾಡ್ಕೊಂಡಿತ್ತಲ್ಲಪ್ಪಾ ಇದು" ಅನ್ನುವನು, ಇನ್ನೊಂದು ಕಾಲಿಗೆ ಕೈ ಹಾಕುವನು. ಕಣ್ಣೀರು ತಟ್ಟೆಗೆ ಬಿದ್ದೂ ಬಿದ್ದೂ ಸಾರು ಉಪ್ಪಾಗುತ್ತಿತ್ತು. ಅಡುಗೆಯ ಸಣ್ಣಬೋರಮ್ಮ ಮೊದಲು ಉಪ್ಪು ಕಡಿಮೆ ಮಾಡಿದಳು. ಆಮೇಲೆ ಹಾಕುವುದನ್ನೇ ನಿಲ್ಲಿಸಿದಳು. ಅವಳು ಸಪ್ಪೆ ಸಾರು ಬಡಿಸುವಳು, ನಾಯಕ ಅಳುವನು, ರುಚಿ ಸರಿಹೋಗುವುದು. ಹೀಗೆ ನಲವತ್ತು ವರ್ಷ ನಡೆಯಿತು.

ನಮ್ಮಲ್ಲಿರುವ ಪದ್ಧತಿಯೇ ಅಲ್ಲೂ ಇತ್ತು. ಕೊಯ್ಯುವ ಮುಂಚೆ ಕೋಳಿಯ ತಲೆ ಮೇಲೆ ನೀರು ಚಿಮುಕಿಸಬೇಕು. ಅದು ಮೈ ಒದರಿದರೆ ಒಪ್ಪಿತು ಅಂತ. ಒದರದಿದ್ದರೆ ಕಾಯಬೇಕು. ಯಾವ ಕೋಳಿಯೂ ಯಾರನ್ನೂ ಕಾಯಿಸಿದ್ದಿಲ್ಲ.

ನಾಯಕ ಊಟಕ್ಕೆ ಕೂತಾಗಲೆಲ್ಲ ಕೇಳುವನು, "ಒಪ್ತಾ ಬೋರಮ್ಮ?"

"ಒಪ್ತು ಬುದ್ಧಿ. ಚೆಂದಾಗಿ ಮೈ ಒದರ್ತು."

ಆದರೂ ಅಳುವನು. ಅವನಿಗೆ ಎಲ್ಲೋ ಒಂದು ಅನುಮಾನ.

ಒಂದು ಬೆಳಿಗ್ಗೆ ನಾಯಕ ಅಡುಗೆಮನೆ ಮುಂದೆ ಹಾದುಹೋಗುವಾಗ ಸೂರಿನಿಂದ ಒಂದು ಹನಿ ತಣ್ಣೀರು ನೆತ್ತಿ ಮೇಲೆ ಬಿತ್ತು. ನಾಯಕ ಮೈ ಒದರಿದ. ಅಡುಗೆಮನೆಯಲ್ಲಿ ಎಲ್ಲರೂ ಹಾಗೇ ನಿಂತುಬಿಟ್ಟರು. ಮೂಲೆಯಲ್ಲಿದ್ದ ಈಳಿಗೆ ಮಣೆ ಗಂಟಲು ಸರಿಮಾಡಿಕೊಂಡು ಹೇಳಿತು:

"ನಾಯಕರು ಒಪ್ಪಿದರು."

"ಏನು ಒಪ್ಪಿದೆ ನಾನು?"

"ಕೋಳಿಗಳೂ ಹೀಗೇ ಕೇಳ್ತಾವೆ ಬುದ್ಧಿ."

"ಅಯ್ಯೋ ಮಣೆಯೇ, ನಂಗೆ ಚಳಿ ಆಯ್ತು ಅಷ್ಟೇ!"

"ಅವೂ ಅದನ್ನೇ ಅಂತಾವೆ. ಇಷ್ಟು ವರ್ಷ ನನ್ನ ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ."

ನಾಯಕ ಓಡಿ ಹೋಗಿ ಕಂಬಳಿ ಹೊದ್ದುಕೊಂಡ. ಕಂಬಳಿಯೊಳಗಿಂದಲೇ ಅಪ್ಪಣೆ ಹೊರಡಿಸಿದ. ಇನ್ನು ಮೇಲೆ ಚಿಮುಕಿಸುವ ನೀರು ಬಿಸಿಯಾಗಿರಬೇಕು, ಎಳೆ ಮಗುವಿಗೆ ಹೊಯ್ಯುವ ಹದ. ಒಂದು ಕೋಳಿ ಉತ್ತರ ಕೊಡುವ ತನಕ ಇನ್ನೊಂದನ್ನು ಕೇಳುವ ಹಾಗಿಲ್ಲ. ನಾಯಕನ ಬಾಯಿಂದ ಬಂದ ಅಪ್ಪಣೆಯನ್ನು ನಾಯಕನ ಬಾಯೇ ಹಿಂದಕ್ಕೆ ತಗೊಳ್ಳಬೇಕು, ಬೇರೆ ಯಾರಿಗೂ ಆಗದು.

ಮಾರನೆಯ ದಿನ ಒಂದು ಕೆಂಪು ಹುಂಜವನ್ನು ಹಿಡಿದು ತಂದರು. ಸಣ್ಣಬೋರಮ್ಮ ಬಿಸಿನೀರು ಚಿಮುಕಿಸಿದಳು. ಹುಂಜ ಕಣ್ಣು ಮುಚ್ಚಿಕೊಂಡಿತು, ಒದರಲಿಲ್ಲ. ಮರುದಿನ ಚಿಮುಕಿಸಿದಳು. ಹುಂಜ ಕತ್ತು ಚಾಚಿ "ಈ ಕಡೆ ಇನ್ನೊಂಚೂರು" ಅಂತು. ಸಣ್ಣಬೋರಮ್ಮನಿಗೆ ಕೋಳಿ ಮಾತು ಬರುತ್ತಿತ್ತು. ನಲವತ್ತು ವರ್ಷ ಅಡುಗೆಮನೆಯಲ್ಲಿದ್ದವರಿಗೆ ಬಂದೇ ಬರುತ್ತದೆ, ಬಂದರೂ ಬಾರದವರ ಹಾಗೆ ಇರುತ್ತಾರೆ. ಮೂರನೆಯ ದಿನ ಅವಳು ಅದನ್ನು ಕೆಂಚ ಅಂತ ಕರೆದಳು. ಕರೆಯಬಾರದಿತ್ತು. ಕೊಯ್ಯುವುದಕ್ಕೆ ತಂದದ್ದಕ್ಕೆ ಹೆಸರಿಡಬಾರದು ಅಂತ ಅವಳಿಗೂ ಗೊತ್ತಿತ್ತು. ಆದರೆ ದಿನಾ ನೀರು ಹೊಯ್ಯುವಾಗ ಏನಾದರೂ ಅಂತ ಕರೆಯಬೇಕಲ್ಲ?

ಬಿಸಿನೀರಿನ ಸುದ್ದಿ ಹಬ್ಬಿತು. ಊರ ಕೋಳಿಗಳೆಲ್ಲ ಮೀಯಲು ಸಾಲು ಹಿಡಿದು ಬಂದವು. ಎಲ್ಲಕ್ಕೂ ನೀರು ಕಾಯಬೇಕು. ಸೌದೆ ಮುಗಿಯಿತು. ಊರವರು ಬಾಗಿಲು ಕಿತ್ತು ಉರಿ ಹಾಕಿದರು. ಆಮೇಲೆ ಮಂಚ. ಆಮೇಲೆ ಕೋಟೆಯ ಹೆಬ್ಬಾಗಿಲು. ಶತ್ರುಗಳು ಬಂದು ನೋಡಿ, ಬಾಗಿಲಿಲ್ಲದ ಕೋಟೆಗೆ ಮುತ್ತಿಗೆ ಹಾಕುವುದು ಹೇಗೆ ಅಂತ ತಿಳಿಯದೆ ವಾಪಸು ಹೋದರು.

ದಿವಾನ ಬದನೆಕಾಯಿಯನ್ನು ಕೋಳಿಕಾಲಿನ ಹಾಗೆ ಕೆತ್ತಿಸಿ ನಾಯಕನ ಮುಂದೆ ಇಡಿಸಲು ಹೊರಟ.

"ನನ್ನ ಕೇಳಿದ್ರಾ?" ಅಂತು ಬದನೆಕಾಯಿ.

ನ್ಯಾಯ ಅಂದಮೇಲೆ ನ್ಯಾಯ. ಅದಕ್ಕೂ ಬಿಸಿನೀರು ಚಿಮುಕಿಸಿದರು. ಒದರಲಿಲ್ಲ. ಅವರೆಕಾಯಿ ಒದರಲಿಲ್ಲ. ಸೊಪ್ಪು ಒದರಲಿಲ್ಲ. ಕೊನೆಗೆ ಕುದಿಯುವ ನೀರಿಗೆ ರಾಗಿಹಿಟ್ಟು ಹಾಕಿದರು. ಅದು ತೊಪತೊಪ ಅಂತ ಒದರಿತು. ಸದ್ಯ, ಮುದ್ದೆ ಉಳಿಯಿತು. ಊರಿಗೆ ಊರೇ ಬರೀ ಮುದ್ದೆ ನುಂಗಿಕೊಂಡು ಬದುಕಿತು.

ಆಗ ಕೋಪ ಬಂದದ್ದು ನಾಯಕನ ನಾಲಿಗೆಗೆ.

"ಮುದ್ದೆ ನುಂಗಕ್ಕೆ ಗಂಟಲು ಸಾಕು, ನಾನ್ಯಾಕೆ?" ಅಂತ ಕೇಳಿತು ನಾಲಿಗೆ. "ಕೋಳಿಕಾಲು ಬರೋ ತನಕ ನಾನು ಅಲ್ಲಾಡಲ್ಲ."

ಹಾಗಂದು ಮಲಗಿಬಿಟ್ಟಿತು. ನಾಯಕನಿಗೆ ಮಾತು ನಿಂತಿತು. ಮಾತಿಲ್ಲದೆ ಅಪ್ಪಣೆ ಹಿಂದಕ್ಕೆ ಬರುವುದಿಲ್ಲ. ಅಪ್ಪಣೆ ಹಿಂದಕ್ಕೆ ಬರದೆ ಕೋಳಿ ಇಲ್ಲ. ಕೋಳಿ ಇಲ್ಲದೆ ಮಾತಿಲ್ಲ. ನಾಯಕ ಸೊರಗಿ ಸೊರಗಿ, ಪೇಟ ಜಾರಿ ಕೊರಳಿಗೆ ಬಂತು.

ದಿವಾನ ಅಡುಗೆಮನೆಗೆ ಬಂದ. "ನೋಡಮ್ಮ, ಸೋಮವಾರಕ್ಕೆ ಆ ಹುಂಜ ಒದರಬೇಕು. ಇಲ್ಲ ಅಂದ್ರೆ ನೀನು ಈ ಒಲೆ ಬಿಟ್ಟು ನಡಿ. ಬೇರೆಯವರು ಬಂದು ಒದರಿಸ್ತಾರೆ."

ಆ ಒಲೆ ಬಿಟ್ಟರೆ ಸಣ್ಣಬೋರಮ್ಮನಿಗೆ ಮನೆಯಿಲ್ಲ, ಮಠವಿಲ್ಲ. ಗಂಡ ತೀರಿಕೊಂಡ ವರ್ಷ ಬಂದವಳು, ಒಲೆ ಪಕ್ಕದಲ್ಲೇ ಮಲಗಿ ಎದ್ದವಳು. ಅವಳಿಗೆ ಅಳು ಬಂತು. ಕೆಂಚನ ಮುಂದೆ ಅಳಬಾರದು ಅಂತ ತಡೆದುಕೊಂಡಳು. ಶುಕ್ರವಾರ ತಡೆದಳು. ಶನಿವಾರ ತಡೆದಳು. ಭಾನುವಾರವೂ ತಡೆದಳು.

ಕೆಂಚನಿಗೆ ಎಲ್ಲ ಗೊತ್ತಾಗಿತ್ತು.

"ಅವ್ವಾ," ಅಂತು ಕೆಂಚ, "ನಿಂಗೂ ಕೋಳಿ ಸಾರು ಇಷ್ಟಾನಾ?"

ಅವಳು ಸುಳ್ಳು ಹೇಳಲಿಲ್ಲ. "ಇಷ್ಟ ಕಣೋ. ಕಾರ ರುಬ್ಬುವಾಗ್ಲೇ ಬಾಯಲ್ಲಿ ನೀರು ಬರುತ್ತೆ. ಆದ್ರೆ ನಿಂದು ಬೇಡ."

"ಮತ್ತೆ ಯಾರ್ದು ಆಗ್ಬೋದು?"

"ಗೊತ್ತಿಲ್ದೋರ್ದು."

ಕೆಂಚ ಕತ್ತು ಓರೆ ಮಾಡಿತು. "ನಿಂಗೆ ಗೊತ್ತಿಲ್ದೋರಿಗೆ, ಗೊತ್ತಿರೋರು ಯಾರೂ ಇರಲ್ವಾ ಅವ್ವಾ?"

ಅವಳು ಒಲೆ ಊದಿದಳು. ಒಲೆ ಆಗಲೇ ಚೆನ್ನಾಗಿ ಉರಿಯುತ್ತಿತ್ತು.

ಸೋಮವಾರ ಬಂತು. ದಿವಾನ ಬಂದ, ಊರವರು ಬಂದರು, ನಾಯಕನನ್ನು ಹೊತ್ತುಕೊಂಡು ಬಂದು ಕೂರಿಸಿದರು. ಸಣ್ಣಬೋರಮ್ಮ ನೀರಿಗೆ ಕೈ ಅದ್ದಿ ಹದ ನೋಡಿದಳು. ಬಿಸಿ ಸರಿಯಾಗಿತ್ತು. ಚಿಮುಕಿಸಿದಳು. ಕೆಂಚ ಅಲ್ಲಾಡಲಿಲ್ಲ. ಕಣ್ಣು ಮುಚ್ಚಿಕೊಂಡು ಅವಳ ಕೈಗೆ ಕತ್ತು ಒರಗಿಸಿತು. ಆಗ ಅವಳ ಕಣ್ಣಿಂದ ಒಂದು ಹನಿ ಜಾರಿತು. ಮೂರು ದಿನ ತಡೆದಿಟ್ಟ ಕಣ್ಣೀರು, ಒಳಗೇ ಆರಿ ತಣ್ಣಗಾಗಿಹೋಗಿತ್ತು. ಅದು ಕೆಂಚನ ಕತ್ತಿನ ಮೇಲೆ ಬಿತ್ತು.

ಕೆಂಚ ಮೈ ಒದರಿತು.

"ಒಪ್ತು! ಒಪ್ತು!" ಅಂತ ಊರೆಲ್ಲ ಕೂಗಿತು.

ಕೆಂಚ ಅವಳ ಮುಖ ನೋಡಿತು. "ಅವ್ವಾ, ಅದು ನೀರಲ್ಲ. ಇವರಿಗೆ ಹೇಳು."

"ಏನಂತೆ ಅದು?" ಅಂದ ದಿವಾನ.

ಸಣ್ಣಬೋರಮ್ಮ ಒಲೆ ನೋಡಿದಳು. ದಿವಾನನನ್ನು ನೋಡಿದಳು. ಕೆಂಚನನ್ನು ಮಾತ್ರ ನೋಡಲಿಲ್ಲ.

"ಆಗ್ಲಿ ಅಂತೈತೆ ಬುದ್ಧಿ," ಅಂದಳು.

ಈಳಿಗೆ ಮಣೆಗೂ ನಿಜ ಗೊತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ. ಅದು ತನ್ನ ಕೆಲಸ ಮಾಡಿತು. ಸಣ್ಣಬೋರಮ್ಮ ಕಾರ ರುಬ್ಬಿದಳು. ಏನು ಹೇಳಲಿ ಮಕ್ಕಳೇ, ಆವತ್ತೂ ಅವಳ ಬಾಯಲ್ಲಿ ನೀರು ಬಂತು. ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಸಾರಿನ ಘಮಕ್ಕೆ ನಾಯಕನ ನಾಲಿಗೆ ಎದ್ದು ಕೂತಿತು. ನಾಯಕ ಕಾಲು ಕಚ್ಚಿದ. ಎಲ್ಲರೂ ಕಾದರು. ಅವನು ಅಳಲಿಲ್ಲ. ಕೇಳಿ, ಬಿಸಿನೀರು ಹೊಯ್ದು, ಒಪ್ಪಿಸಿ ತಂದ ಕೋಳಿ. ಅಳುವುದು ಯಾತಕ್ಕೆ? ಅನುಮಾನ ಹೋಗಿತ್ತು. ಇನ್ನೊಂದು ತುತ್ತು ತಿಂದು ಮುಖ ಹಿಂಡಿದ.

"ಸಪ್ಪೆ. ಉಪ್ಪೇ ಇಲ್ವಲ್ಲ ಬೋರಮ್ಮ?"

"ನಲವತ್ತು ವರ್ಷದಿಂದ ನಾನು ಉಪ್ಪು ಹಾಕಿಲ್ಲ ಬುದ್ಧಿ. ತಾವೇ ಹಾಕ್ಕೋತಿದ್ರಿ."

ನಾಯಕ ಅಳಲು ನೋಡಿದ. ಬರಲಿಲ್ಲ. ಕಣ್ಣು ಉಜ್ಜಿದ. ಬರಲಿಲ್ಲ. ಸಣ್ಣಬೋರಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಕಾಲಿಗೆ ಬಿದ್ದಳು.

"ಅದು ಒಪ್ಪಿರ್ಲಿಲ್ಲ ಬುದ್ಧಿ. ಅದರ ಮೇಲೆ ಬಿದ್ದದ್ದು ನನ್ನ ಕಣ್ಣೀರು, ತಣ್ಣಗಿತ್ತು. ಹೇಳು ಅಂತ ಕೇಳ್ಕೊಂತು, ನಾನು ಹೇಳ್ಲಿಲ್ಲ. ಈ ಒಲೆ ಆಸೆಗೆ ಹೇಳ್ಲಿಲ್ಲ."

ನಾಯಕ ಅವಳನ್ನು ನೋಡಿದ, ತಟ್ಟೆ ನೋಡಿದ. ಆಗ ಅಳು ಬಂತು ನೋಡಿ! ಎದೆ ಬಿರಿಯುವ ಹಾಗೆ ಅತ್ತ. ಗಡ್ಡ ನೆನೆಯಿತು, ತಟ್ಟೆ ತುಂಬಿತು. ಅಳುತ್ತ ಅಳುತ್ತ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ.

ಹುಟ್ಟಿದಾಗಿನಿಂದ ಅಂಥ ರುಚಿ ಅವನು ಕಂಡಿರಲಿಲ್ಲ.

"ಇನ್ನೊಂದು ಸೌಟು ಹಾಕು," ಅಂದ.

ಅವಳು ಹಾಕಿದಳು.

ಮಾರನೆಯ ದಿನ ನಾಯಕ ಮೊದಲು ಆಡಿದ ಮಾತು ಬಿಸಿನೀರಿನ ಅಪ್ಪಣೆ ವಾಪಸು ತೆಗೆದುಕೊಂಡದ್ದು. ಸೌದೆ ಇಲ್ಲವಲ್ಲ ಅಂದ. ಅಂದಿನಿಂದ ಮತ್ತೆ ತಣ್ಣೀರು, ಮತ್ತೆ ಎಲ್ಲ ಕೋಳಿಗಳೂ ಒಪ್ಪಿದವು. ಸಣ್ಣಬೋರಮ್ಮ ಬದುಕಿರುವ ತನಕ ಬಾಡಿನ ಚೂರು ಮುಟ್ಟಲಿಲ್ಲ. ಮುದ್ದೆಗೆ ಸಾರು ಮಾತ್ರ ಹಾಕಿಕೊಳ್ಳುವಳು. "ಚೂರು ತಿಂದ್ರೆ ಯಾರು ಅಂತ ಗೊತ್ತಾಗುತ್ತೆ, ಸಾರಲ್ಲಿ ಗೊತ್ತಾಗಲ್ಲ" ಅನ್ನುವಳು. ಗೊತ್ತಾಗುತ್ತಿತ್ತು. ಸುಮ್ಮನೆ ಅನ್ನುತ್ತಿದ್ದಳು.

ಕತೆಯ ನೀತಿ ಏನು? ಕೋಳಿ ಹತ್ತಿರ ಮಾತಾಡುವ ಮುಂಚೆ ನೀರಿಗೆ ಕೈ ಅದ್ದಿ ನೋಡಬೇಕು. ಅಷ್ಟೇ. ನಗಬೇಡಿ. ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ನೀರು ಚಿಮುಕಿಸಿದವನು ನಾನೇ. ನೀವು ಚುಕ್ಕಿ ಚುಕ್ಕಿ ಅಂತ ಕರೆಯುತ್ತಿದ್ದಿರಲ್ಲ, ಆ ಕೋಳಿಗೇ. ಬಾವಿಯಿಂದ ಆಗತಾನೇ ಸೇದಿದ ನೀರು. ಕೈ ಅದ್ದಿ ನೋಡಲಿಲ್ಲ, ತಣ್ಣಗಿದೆ ಅಂತ ಗೊತ್ತಿತ್ತು.

ಹೂಂ, ಸಾರು ಇಳಿಯಿತು, ಕತೆಯೂ ಇಳಿಯಿತು. ತಟ್ಟೆ ಹಾಕಿಕೊಳ್ಳಿ. ಏನೇ, ಕೇಳಿಸ್ತಾ? ನಂಗೆ ಚೂರು ಬೇಡ, ಬರೀ ಸಾರು ಬಿಡು. ಉಪ್ಪು ಆಮೇಲೆ ನೋಡೋಣ, ಒಂದ್ನಿಮಿಷ ತಾಳು.