ಎದುರು ಮಣೆಯಲ್ಲಿ ಕೂತ ಮಂತ್ರಿ

ಕೂತ್ಕೊಳ್ಳಿ ಮಕ್ಕಳೇ, ಕಾಲು ಮಡಚಿಕೊಳ್ಳಿ. ಮಧ್ಯೆ ಆಕಳಿಸಿದವರಿಗೆ ಕಥೆ ಇಲ್ಲ.

ಒಂದು ರಾಜ್ಯ. ಅದಕ್ಕೊಬ್ಬ ರಾಜ, ಮಾಚರಾಯ. ಆಳೇನೋ ಒಳ್ಳೆಯವನೇ. ಆದರೆ "ಇಲ್ಲ" ಅನ್ನೋ ಮಾತು ಕಿವಿಗೆ ಬಿದ್ದರೆ ಮೂರು ದಿನ ಊಟ ಸೇರುತ್ತಿರಲಿಲ್ಲ. ಹಾಗಾಗಿ ಆಸ್ಥಾನದವರೆಲ್ಲ ಕೋಲೆಬಸವಗಳು. ಹಾಗಲಕಾಯಿ ಸಿಹಿ ಅಂತ ರಾಜ ಅಂದರೆ "ಹೌದು ಮಹಾಸ್ವಾಮಿ." ಕತ್ತೆ ಚೆನ್ನಾಗಿ ಹಾಡುತ್ತೆ ಅಂದರೆ "ಹೌದು ಮಹಾಸ್ವಾಮಿ." ನನಗೆ ವಯಸ್ಸೇ ಆಗಿಲ್ಲ ಅಂದರೆ ಇನ್ನೂ ಜೋರಾಗಿ "ಹೌದು ಮಹಾಸ್ವಾಮಿ."

ಅರಮನೆ ಇದ್ದ ಊರಿನ ದೊಡ್ಡ ಕೆರೆಯ ಏರಿ ಸೋರುತ್ತಿತ್ತು. ಕಲ್ಲು ಹಾಕಬೇಕಾದ ಕಡೆ ಬರೀ ಮಣ್ಣು ಸುರಿದು ಏರಿ ಕಟ್ಟಿಸಿದವನು ಮಂತ್ರಿ ದುಗ್ಗರಸ. ಇಡೀ ಊರಿಗೆ ಗೊತ್ತು, ರಾಜನಿಗೆ ಮಾತ್ರ ಗೊತ್ತಿಲ್ಲ. "ಯಾರಾದರೂ ಬಾಯಿ ಬಿಟ್ಟರೆ ನಾಲಿಗೆ ಸೀಳ್ತೀನಿ" ಅಂದಿದ್ದ ಮಂತ್ರಿ. ಏರಿಯ ಕೆಳಗೆ ನೂರು ಮನೆ, ಒಂದು ಶಾಲೆ.

ಶಾಲೆಯ ಗುರು ಚೆನ್ನಾಜಮ್ಮ. ಅವಳದೊಂದು ಪದ್ಧತಿ. ಇಬ್ಬರು ಮಕ್ಕಳು ವಾದಕ್ಕೆ ಬಿದ್ದರೆ ಎದುರುಬದುರು ಎರಡು ಮಣೆ ಹಾಕಿ ಕೂರಿಸುತ್ತಿದ್ದಳು. ಆಮೇಲೆ ಮಣೆ ಬದಲಾಯಿಸಬೇಕು. ಎದುರಿನವನ ಮಣೆಯಲ್ಲಿ ಕೂತು ಅವನ ಮಾತನ್ನು ನೀನು ಹೇಳಬೇಕು. "ಹೌದು, ನಾನಂದಿದ್ದು ಇದೇ" ಅಂತ ಅವನು ಒಪ್ಪಿದ ಮೇಲೆಯೇ "ಆದರೆ" ಅನ್ನೋಕೆ ನಿನಗೆ ಅಪ್ಪಣೆ. ಅರ್ಧ ಜಗಳ ಮಣೆ ಬದಲಾಯಿಸುವಷ್ಟರಲ್ಲೇ ಮುಗಿದುಹೋಗುತ್ತಿತ್ತು.

ಮಂತ್ರಿಯ ಮಗಳು ಬೊಮ್ಮಕ್ಕನೂ ಅಲ್ಲೇ ಓದುತ್ತಿದ್ದಳು. ಒಂದು ದಿನ ಊಟಕ್ಕೆ ಕೂತಾಗ ಕೇಳಿದಳು, "ಅಪ್ಪಾ, ಏರಿ ಸೋರೋದು ರಾಜರಿಗೆ ಗೊತ್ತಾದರೆ ನಿನ್ನ ಮಾನ ಹೋಗುತ್ತೆ. ಅದಕ್ಕೇ ಸುಮ್ಮನಿದ್ದೀಯ, ಅಲ್ವಾ?"

"ಹೂಂ ಕಣಮ್ಮ."

"ಆದರೆ ಏರಿ ಒಡೆದರೆ ನೂರು ಮನೆ ಹೋಗುತ್ತೆ. ನಿನ್ನ ಮಾನ ಆಗಲೂ ಹೋಗುತ್ತೆ."

ಮಂತ್ರಿ ಅರ್ಧ ಊಟದಲ್ಲೇ ಎದ್ದ. ಇವತ್ತು ಮನೆಯಲ್ಲಿ ಅಂದವಳು ನಾಳೆ ಬೀದಿಯಲ್ಲಿ ಅಂದಾಳು. ಕೈ ತೊಳೆದವನೇ ಅರಮನೆಗೆ ಓಡಿದ.

"ಮಹಾಸ್ವಾಮಿ, ಚೆನ್ನಾಜಮ್ಮ ಮಕ್ಕಳಿಗೆ ಎದುರು ಮಾತು ಕಲಿಸ್ತಿದ್ದಾಳೆ. ಶಾಲೆ ಮುಚ್ಚಿಸಿ."

ರಾಜ ಹೇಳಿಕಳಿಸಿದ. ಅವಳು ಕಂಕುಳಲ್ಲಿ ಎರಡು ಮಣೆ ಇರುಕಿಕೊಂಡೇ ಬಂದಳು.

"ಮುಚ್ಚೋಣ ಬುದ್ಧಿ. ಮೊದಲು ಮಂತ್ರಿಗಳು ನನ್ನ ಮಣೆಯಲ್ಲಿ ಕೂತು, ನಾನು ಶಾಲೆ ಯಾಕೆ ನಡೆಸ್ತೀನಿ ಅಂತ ನಾನು ಒಪ್ಪೋ ಹಾಗೆ ಹೇಳಲಿ. ಮೂರು ಸಲ ಅವಕಾಶ. ಹೇಳಿದರೆ ನನ್ನ ಕೈಯಾರೆ ಬೀಗ ಹಾಕ್ತೀನಿ."

ರಾಜನಿಗೆ ಆಟ ಹಿಡಿಸಿತು. ಮಂತ್ರಿ ಅವಳ ಮಣೆಯ ಮೇಲೆ ಕೂತ.

"ದೊಡ್ಡವರಿಗೆ ಅವಮಾನ ಆಗಲಿ ಅಂತ ನಡೆಸ್ತೀನಿ" ಅಂದ ಮೊದಲ ಸಲ.

"ಅದು ನಿಮ್ಮ ಮಾತು, ನನ್ನದಲ್ಲ" ಅಂದಳು ಚೆನ್ನಾಜಮ್ಮ.

"ಮಾಡೋಕೆ ಬೇರೆ ಕೆಲಸ ಇಲ್ಲದೆ ನಡೆಸ್ತೀನಿ" ಅಂದ ಎರಡನೇ ಸಲ.

"ಅದೂ ನಿಮ್ಮದೇ."

ಉಳಿದಿದ್ದು ಒಂದೇ ಅವಕಾಶ. ರಾಜ ಬೇರೆ ಮೀಸೆಯಡಿ ನಗುತ್ತಿದ್ದ. ಹೇಗಾದರೂ ಗೆಲ್ಲಬೇಕು ಅನ್ನೋ ಹಟದಲ್ಲಿ ಮಂತ್ರಿ ಜನ್ಮದಲ್ಲಿ ಮೊದಲ ಸಲ ಇನ್ನೊಬ್ಬರ ಕಡೆಯಿಂದ ಯೋಚಿಸಿದ. ಯೋಚಿಸಿ ಹೇಳಿದ, "ಇಲ್ಲ ಅನ್ನೋದನ್ನ ಮರ್ಯಾದೆಯಾಗಿ ಹೇಳೋಕೆ ಮಕ್ಕಳು ಕಲೀದೇ ಇದ್ದರೆ, ಬೆಳೆದ ಮೇಲೆ ಒಂದೋ ದೊಣ್ಣೆ ಹಿಡೀತಾರೆ, ಇಲ್ಲಾ ಸುಮ್ಮನೆ ತಲೆ ಆಡಿಸ್ತಾರೆ. ತಲೆ ಆಡಿಸೋರ ಊರಲ್ಲಿ ಕೆರೆ ಏರಿ ಸೋರಿದರೂ ರಾಜರಿಗೆ ಯಾರೂ ಹೇಳಲ್ಲ."

"ನನ್ನ ಮಾತು ಇದೇ" ಅಂತ ಚೆನ್ನಾಜಮ್ಮ ಶಾಲೆಯ ಬೀಗದಕೈ ಮುಂದಿಟ್ಟಳು. ಮಂತ್ರಿ ಗೆದ್ದೆ ಅಂತ ಹಿಗ್ಗಿದ.

ರಾಜ ಮಾತ್ರ ಹುಬ್ಬು ಗಂಟಿಕ್ಕಿದ. "ತಡೀರಿ. ನಮ್ಮ ಏರಿ ಸೋರ್ತಿದೆಯಾ?"

ಮಂತ್ರಿ ಬಾಯಿ ತೆರೆಯುವ ಮೊದಲೇ ಇಡೀ ಆಸ್ಥಾನ, ಅಭ್ಯಾಸಬಲ ನೋಡಿ, ಒಂದೇ ದನಿಯಲ್ಲಿ ಅಂದಿತು, "ಹೌದು ಮಹಾಸ್ವಾಮಿ."

ಆಮೇಲೆ ಎಲ್ಲರೂ ನಾಲಿಗೆ ಕಚ್ಚಿಕೊಂಡರು. ಏನು ಪ್ರಯೋಜನ?

ರಾಜ ತಾನೇ ಕೆರೆಗೆ ಹೋಗಿ ಏರಿಯ ಮಣ್ಣು ಮುಟ್ಟಿ ನೋಡಿದ. ಕೈ ಒದ್ದೆಯಾಯಿತು. "ನನಗೆ ಯಾಕೆ ಯಾರೂ ಹೇಳಲಿಲ್ಲ?" ಅಂದ.

"ಹೇಳಿದ್ದರೆ ಕೇಳ್ತಿದ್ರಾ, ಬುದ್ಧಿ?" ಅಂದಳು ಚೆನ್ನಾಜಮ್ಮ.

ರಾಜ ತಲೆ ತಗ್ಗಿಸಿ "ಇಲ್ಲ" ಅಂದ. ಅವನಿಗೆ ನಿಜಕ್ಕೂ ನಾಚಿಕೆಯಾಗಿತ್ತು.

ಬೀಗದಕೈಯನ್ನು ಚೆನ್ನಾಜಮ್ಮನಿಗೇ ವಾಪಸ್ಸು ಕೊಟ್ಟ. ಶಾಲೆ ಉಳಿಯಿತು, ನೂರು ಮನೆಯೂ ಉಳಿಯಿತು. ರಾಜನ ಅಪ್ಪಣೆಯಂತೆ ಏರಿಗೆ ಕಲ್ಲು ಹೊತ್ತವನು ದುಗ್ಗರಸನೇ. ಬೆಳಗ್ಗೆ ಕಲ್ಲು, ಮಧ್ಯಾಹ್ನ ಚೆನ್ನಾಜಮ್ಮನ ಶಾಲೆಯಲ್ಲಿ ಸಣ್ಣ ಮಕ್ಕಳ ಜೊತೆ ಕೂತು ಪಾಠ ಕಲಿಯೋದು.

ನೀತಿ ಇಷ್ಟೇ. ಇಲ್ಲ ಅನ್ನೋದು ತಪ್ಪಲ್ಲ. ಎದುರಿನವರ ಮಾತು ಕೇಳದೆ ಇಲ್ಲ ಅನ್ನೋದು ತಪ್ಪು. ಕೇಳದೆ ಹೌದು ಅನ್ನೋದು ಅದಕ್ಕಿಂತ ದೊಡ್ಡ ತಪ್ಪು. ಒಪ್ಪದವರು ಹೇಳಿ, ನನಗೇನೂ ಅವಸರವಿಲ್ಲ.