ವಾಟರ್ ಪಾರ್ಕಿನೆದುರು ಮದುವೆ ಚಪ್ಪರ

ಶಾಮಿಯಾನ ಹಾಕುವ ಕೆಂಪರಾಜು ಹೆಂಡತಿ ಮಗಳನ್ನು ವಾಟರ್ ಪಾರ್ಕಿಗೆ ಕರೆತಂದ. ಪಕ್ಕದ ಹೋಟೆಲಿನ ಬಾಡಿಗೆ ಕೇಳಿ ಬೆಚ್ಚಿಬಿದ್ದ. ಎದುರಿನ ಖಾಲಿ ಜಾಗದ ಯಜಮಾನನನ್ನು ಕೇಳಿಕೊಂಡು, ತನ್ನದೇ ಶಾಮಿಯಾನ ಎಳೆದು ಕಟ್ಟಿ, ಒಲೆಯ ಮೇಲೆ ಪಾಯಸಕ್ಕಿಟ್ಟ.

ಹೋಟೆಲಿನ ಮ್ಯಾನೇಜರು ಇಬ್ಬರು ವಾಚ್‌ಮನ್‌ಗಳ ಸಮೇತ ಧಾವಿಸಿ ಬಂದ. ದೂರದಿಂದಲೇ ಅವನ ಟೈ ಕಂಡ ಕೆಂಪರಾಜು ಅಷ್ಟರಲ್ಲೇ ಮೂಲೆಯ ಕಂಬಕ್ಕೆ ಅರಿಶಿನ ಬಳಿದು ಮಾವಿನ ಸೊಪ್ಪು ಕಟ್ಟಿದ್ದ.

"ಏನಯ್ಯಾ ಈ ಗುಡಾರ? ನಮ್ಮ ಗಿರಾಕಿಗಳು ಏನಂದುಕೊಂಡಾರು? ಕೀಳು, ಇಲ್ಲಾ ನಮ್ಮವರೇ ಕೀಳ್ತಾರೆ!"

"ಕೀಳಿಸಿ ಸ್ವಾಮಿ. ಮದುವೆ ಚಪ್ಪರ, ಹಾಲುಗಂಬಕ್ಕೆ ಪೂಜೆ ಆಗಿದೆ. ಮದುವೆ ಮುಗಿಯೋ ಮುಂಚೆ ಕಿತ್ತವರ ಮನೆಗೆ ಒಳ್ಳೇದಲ್ಲ, ಅಷ್ಟೆ."

ವಾಚ್‌ಮನ್‌ಗಳು ಎರಡು ಹೆಜ್ಜೆ ಹಿಂದೆ ಸರಿದರು.

"ಯಾರ ಮದುವೆ?"

"ನಮ್ಮ ಮಗಳ ಗೊಂಬೇದು." ಮಗಳು ಗೊಂಬೆ ಎತ್ತಿ ತೋರಿಸಿದಳು. "ಹೆಣ್ಣಿನ ಕಡೆಯವರು ನಾವಿದ್ದೀವಿ. ಗಂಡಿನ ಕಡೆಯವರೇ ಇರಲಿಲ್ಲ, ಒಳ್ಳೇ ಹೊತ್ತಿಗೆ ಬಂದ್ರಿ. ಕೂತ್ಕೊಳ್ಳಿ ಬೀಗರೇ."

ಮ್ಯಾನೇಜರಿಗೆ ನಗು ತಡೆಯಲಾಗಲಿಲ್ಲ. ಎಲೆಯ ಮುಂದೆ ಕೂತು ಎರಡೆರಡು ಸಲ ಪಾಯಸ ಹಾಕಿಸಿಕೊಂಡ. ಹೊರಟವನ ಕೈಗೆ ಕೆಂಪರಾಜು ಎಲೆಯಡಿಕೆ ಇಟ್ಟ.

"ಪದ್ಧತಿ ನಿಮಗೆ ನಾನು ಹೇಳಬೇಕಾ ಬೀಗರೇ? ನಾಳೆ ಗಂಡಿನ ಮನೇಲಿ ಬೀಗರ ಊಟ. ನಿಮ್ಮ ಹೋಟೆಲಿಗೆ ಎಷ್ಟು ಹೊತ್ತಿಗೆ ಬರೋಣ?"