ಸಾವಕಾರರ ಅಂಗಳದ ಕರಕಿ

"ತಮ್ಮಾ, ನಿನ್ನ ಹೊಲದಾಗ ಒಂದು ಎಳಿ ಕರಕಿ ಕಂಡರೂ ನಾ ನಿನ್ನ ಮನಿ ನೀರು ಮುಟ್ಟಾಂಗಿಲ್ಲ."

ಹತ್ತಿಕೊಪ್ಪದ ಗದಿಗೆಪ್ಪನು ತಿಳಿವು ಬಂದಂದಿನಿಂದ ಕೇಳಿಕೊಂಡು ಬೆಳೆದ ಮಾತಿದು. ಗರಿಕೆಗೆ ಆ ಸೀಮೆಯವರು ಕರಕಿ ಎನ್ನುತ್ತಾರೆ. ಪ್ರತಿ ಬೇಸಿಗೆಯಲ್ಲಿ ಅವನ ತಂದೆ ಎರೆಹೊಲದ ಆಳಕ್ಕೆ ಗುದ್ದಲಿ ಇಳಿಸಿ, ಕರಕಿಯ ಬೇರುಗಳನ್ನು ಗಂಟುಗಂಟಾಗಿ ಎಳೆದು ಬದುವಿನ ಮೇಲೆ ಒಣಹಾಕುವಾಗ ಈ ಮಾತನ್ನು ತಪ್ಪದೆ ಹೇಳುತ್ತಿದ್ದರು. ಮಗ ಅದನ್ನು ಪ್ರಶ್ನಿಸಿದ್ದು ಬಹುಕಾಲದ ಮೇಲೆ, ಊರಿನಿಂದ ಬಹುದೂರದಲ್ಲಿ. ಪುಣೆಯ ದೊಡ್ಡ ತೋಟವೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ, ಬಂಗಲೆಯ ಮುಂದೆ ಹಸಿರು ಜಮಖಾನದಂತೆ ಹರಡಿದ್ದ ಹುಲ್ಲುಹಾಸನ್ನು ಅವನು ಬಾಗಿ ಮುಟ್ಟಿ ನೋಡಿದನು. ಅದು ಕರಕಿಯೇ ಆಗಿತ್ತು. ಕೀಳುವುದಷ್ಟೇ ಮರ್ಯಾದೆಯ ಕೆಲಸವೇ, ಬೆಳೆಸುವುದಕ್ಕೆ ಮರ್ಯಾದೆಯಿಲ್ಲವೇ ಎಂದು ಅವನ ಮನಸ್ಸು ಅಂದು ಕೇಳಿತು. ಪ್ರಶ್ನೆಯನ್ನೇನೋ ಕೇಳಿಕೊಂಡನು, ಉತ್ತರವನ್ನು ಊರಿಗೆ ತರುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ. ಊರಿಗೆ ಮರಳಿದ ಮೇಲೂ, ತಾನು ಪುಣೆಯಲ್ಲಿ ಕಲಿತದ್ದು ಕರಕಿ ಬೆಳೆಯುವ ವಿದ್ಯೆಯೆಂದು ಅವನು ಹತ್ತಿಕೊಪ್ಪದಲ್ಲಿ ಯಾರಿಗೂ ಹೇಳಲಿಲ್ಲ.

ಆ ಕಾಲದಲ್ಲಿ ಊರಿನ ಪಡುವಣ ಅಂಚಿಗಿದ್ದ ಪಾಳು ಗಾಣದ ಮನೆಯಲ್ಲಿ ಪರಮಪೂಜ್ಯ ಶ್ರೀ ಅಡಿವೆಯ್ಯ ಶಿವಯೋಗಿಗಳು ವಾಸವಾಗಿದ್ದರು. ಒಂದು ಈಚಲು ಚಾಪೆ, ಒಂದು ತಾಮ್ರದ ತಂಬಿಗೆ, ಹೆಗಲಿಗೊಂದು ಕಾವಿಯ ಜೋಳಿಗೆ. ಅವರ ಸಂಸಾರವೆಂದರೆ ಇಷ್ಟೇ. ದಿನವೂ ಲಿಂಗಪೂಜೆ ಮುಗಿಸಿ ಬರಿಗಾಲಿನಲ್ಲಿ ಮನೆಮನೆಯ ಕಂತಿಭಿಕ್ಷೆಗೆ ಹೊರಡುತ್ತಿದ್ದರು. ವಾಡೆಯ ಸಿರಿವಂತರ ಹೋಳಿಗೆಯನ್ನೂ ಗಿರಣಿ ಓಣಿಯ ಕೂಲಿಕಾರರ ರೊಟ್ಟಿಯನ್ನೂ ಒಂದೇ ಜೋಳಿಗೆಯಲ್ಲಿ ಸ್ವೀಕರಿಸಿ, ಎರಡನ್ನೂ ಕಲೆಸಿ ಪ್ರಸಾದವೆಂದು ಸೇವಿಸುತ್ತಿದ್ದರು. ಊರವರು ಅವರನ್ನು 'ಅಜ್ಜಾರು' ಎಂದು ಕರೆಯುತ್ತಿದ್ದರು. ಅವರ ಮಾತು ಬಲು ಕಡಿಮೆ. ಆಡಿದ ಒಂದೆರಡು ಮಾತನ್ನು ಜನ ವರ್ಷಗಟ್ಟಲೆ ನೆನೆಯುತ್ತಿದ್ದರು.

ಗದಿಗೆಪ್ಪನಿಗೆ ಮಾತ್ರ ಅವರಲ್ಲಿ ಅಂಥ ಭಕ್ತಿಯಿರಲಿಲ್ಲ. "ಮಣ್ಣು ಮುಟ್ಟದ ಕೈಗೆ ನಾ ಯಾಕ ಮುಗೀಲಿ?" ಎಂದು ಗೆಳೆಯರೊಡನೆ ನಗುತ್ತಿದ್ದನು. ಶಿವಯೋಗಿಗಳು ಎದುರು ಬಂದರೆ ಪಕ್ಕಕ್ಕೆ ಸರಿಯುತ್ತಿದ್ದನೇ ಹೊರತು ಬಾಗುತ್ತಿರಲಿಲ್ಲ.

ಅರಳೆ ಗಿರಣಿಯ ಒಡೆಯರಾದ ಮುರಿಗೆಪ್ಪ ಸಾವಕಾರರು ಊರ ಹೊರಗೆ ಹೊಸ ಬಂಗಲೆ ಕಟ್ಟಿಸಿದರು. ಶ್ರಾವಣ ಸೋಮವಾರದಂದು ಅಜ್ಜಾರ ಪಾದಪೂಜೆಯೊಡನೆ ಗೃಹಪ್ರವೇಶ ಎಂದು ಗೊತ್ತಾಯಿತು. ಪುಣೆಯಲ್ಲಿ ತೋಟದ ಕೆಲಸ ಕಲಿತು ಬಂದವನೆಂದು ಸಾವಕಾರರು ಗದಿಗೆಪ್ಪನನ್ನು ಕರೆಸಿದರು.

"ಮುಂಬಯಿದಾಗ ಸಾಹೇಬರ ಬಂಗಲೆ ಮುಂದ ಒಂದು ಲಾನ್ ನೋಡಿ ಬಂದೇನಪಾ. ಅಂಥಾದ್ದ ನನ್ನ ಅಂಗಳದಾಗ ಬೇಕು. ವಿಲಾಯ್ತಿ ಹುಲ್ಲು ಅಲ್ಲೇನು ಅದು?"

ಈ ಬಿಸಿಲಿಗೆ, ಈ ನೆಲಕ್ಕೆ ಕರಕಿಯ ಹೊರತು ಬೇರೆ ಹುಲ್ಲು ನಿಲ್ಲದೆಂದು ಗದಿಗೆಪ್ಪನಿಗೆ ಗೊತ್ತಿತ್ತು. ಆದರೆ ನಿಮ್ಮ ಅಂಗಳಕ್ಕೆ ಕರಕಿ ಬಿತ್ತುತ್ತೇನೆಂದು ಹತ್ತಿಕೊಪ್ಪದಲ್ಲಿ ನಿಂತು ಹೇಳುವುದು ಹೇಗೆ?

"ಹೌದ್ರಿ ಸಾವಕಾರ್ರ," ಎಂದನು. "ವಿಲಾಯ್ತೀದು."

ಸಾವಕಾರರು ಆ ಮಾತನ್ನು ಸಂತೆಯವರೆಗೂ ಹಬ್ಬಿಸಿದರು.

ಮುಂಗಾರಿಗೆ ಮುನ್ನವೇ ಕೆಲಸ ಶುರುವಾಯಿತು. ಅರಳೆಯ ಹಂಗಾಮು ಮುಗಿದು ಕೈ ಖಾಲಿಯಿದ್ದ ಗಿರಣಿ ಓಣಿಯ ಹೆಣ್ಣುಮಕ್ಕಳು ಕೂಲಿಗೆ ಬಂದರು. ಅವರಿಗೆಲ್ಲ ಹಿರಿಯಳು ತಿರಕವ್ವ. ಕಳೆ ತೆಗೆಯುವ ಪುಟ್ಟ ಹತಾರವಾದ ಕುರ್ಚಿಗಿಯನ್ನು ಆಡಿಸುವುದರಲ್ಲಿ ಅವಳಿಗೆ ಸಮನಾದವರು ಸುತ್ತಿನಲ್ಲಿ ಇರಲಿಲ್ಲ. ಅಂಗಳವನ್ನು ಗೇಣು ಆಳಕ್ಕೆ ಅಗೆದರು. ಕಟ್ಟಡದ ಸುಣ್ಣದ ಚಕ್ಕೆ, ಇಟ್ಟಿಗೆಯ ಚೂರು, ಹಳೆಯ ಬೇರು, ಜೇಕು ಹುಲ್ಲಿನ ಗಡ್ಡೆ ಎಲ್ಲವನ್ನೂ ಆಯ್ದು ಹೊರಹಾಕಿದರು. ಎರೆಮಣ್ಣು ಬಿಸಿಲಿಗೆ ಬಿರಿಯದಂತೆ ಮಸಾರಿಯ ಕೆಂಪುಮಣ್ಣನ್ನೂ ಹೊಳೆಯ ಉಸುಕನ್ನೂ ಕಳಿತ ಗೊಬ್ಬರವನ್ನೂ ಬೆರೆಸಿದರು. ಮೇಲ್ಮಣ್ಣನ್ನು ಗದಿಗೆಪ್ಪ ಸಾಣಿಗೆಯಲ್ಲಿ ಸೋಸಿಸಿದನು.

"ಅಲ್ಲೋ ಗದಿಗ್ಯಾ, ಮಣ್ಣು ಹಿಂಗ ಸಾಣಿಗಿ ಹಿಡದರ ರೊಟ್ಟಿ ಬಡೀಬಹುದಲ್ಲೋ," ಎಂದಳು ತಿರಕವ್ವ. "ಸಾವಕಾರ್ರ ಮನ್ಯಾಗ ಹಿಟ್ಟು ತೀರೇತೇನು?"

"ಬಾಯಿ ಕಡಿಮಿ ಮಾಡು ಚಿಗವ್ವಾ, ಕೈ ಆಡಸು."

"ಕೈ ನಿಂತಿದ್ದು ಎಂದರ ನೋಡೀಯೇನು?"

ದಾರ ಕಟ್ಟಿ, ಹಲಗೆ ಎಳೆದು ನೆಲವನ್ನು ಮಟ್ಟ ಮಾಡಿದರು. ನೀರು ಬಿಟ್ಟು, ಕುಸಿದ ಕಡೆ ಮತ್ತೆ ಮಣ್ಣು ತುಂಬಿದರು. ಬಿತ್ತುವ ದಿನ ಗದಿಗೆಪ್ಪ ಪುಣೆಯಿಂದ ತರಿಸಿದ ಚೀಲ ಬಿಚ್ಚಿ, ಬೀಜವನ್ನು ಉಸುಕಿನೊಡನೆ ಕಲೆಸಿದನು. ಅರ್ಧವನ್ನು ಉದ್ದಕ್ಕೂ ಅರ್ಧವನ್ನು ಅಡ್ಡಕ್ಕೂ ತಾನೇ ಚೆಲ್ಲಿದನು.

ಕಾಶವ್ವನೆಂಬ ಎಳೆ ಸೊಸೆ ಚೀಲದಲ್ಲಿ ಇಣುಕಿದಳು. "ರಾಜಗಿರಿ ಕಾಳಿಗಿಂತ ಸಣ್ಣದೈತಲ್ರೀ. ಏನು ಬೀಜರೀ ಇದು?"

"ವಿಲಾಯ್ತೀದು. ಹಡಗದಾಗ ಬಂದೈತಿ."

"ಹಡಗ ಹತ್ತಿ ಬಂದದ್ದಕ್ಕ ನಮ್ಮ ಬಾವಿ ನೀರು ಹೊಂದತಾವೋ ಇಲ್ಲೋ," ಎಂದಳು ತಿರಕವ್ವ. ಎಲ್ಲರೂ ನಕ್ಕರು. ಗದಿಗೆಪ್ಪ ನಗಲಿಲ್ಲ. ಬಿತ್ತನೆಯ ಮೇಲೆ ಕಲ್ಲು ಉರುಳಿಸಿ, ಒದ್ದೆ ಗೋಣಿತಟ್ಟು ಹೊದಿಸಿ, ಇನ್ನು ಮುಂದೆ ಯಾರೂ ಒಳಗೆ ಕಾಲಿಡಕೂಡದೆಂದು ಸುತ್ತಲೂ ತಟ್ಟಿ ಕಟ್ಟಿದನು. ನೀರನ್ನು ಝಾರಿಯಲ್ಲಿ ತಾನೊಬ್ಬನೇ ಹಾಕಿದನು. ಮೊಳಕೆ ಒಡೆಯಿತು. ಶ್ರಾವಣ ಹುಟ್ಟುವ ಹೊತ್ತಿಗೆ ಎಳೆ ಹಸಿರು ನೆಲವನ್ನು ಮುಚ್ಚಿ ಹಬ್ಬತೊಡಗಿತು. ದಿನವೂ ಅದರೆದುರು ಕುಳಿತು ಅವನು ತನ್ನ ಕೈಯನ್ನು ತಾನೇ ಮೆಚ್ಚಿಕೊಂಡನು. ಈ ಅಂಗಳ ಗೆದ್ದರೆ ಜಿಲ್ಲೆಯ ದೊಡ್ಡ ಮನೆಗಳೆಲ್ಲ ತನ್ನನ್ನೇ ಕರೆಯುವುವು. ಸೋತರೆ ಪುಣೆಯ ವಿದ್ಯೆ ಅಲ್ಲಿಗೇ ಮುಗಿಯಿತು.

ಸೋಮವಾರ ಬೆಳಗ್ಗೆ ಹೊಸ ರುಮಾಲು ಸುತ್ತಿಕೊಂಡು ಬಂದ ಗದಿಗೆಪ್ಪ ತಟ್ಟಿಯ ಬಾಗಿಲಲ್ಲೇ ನಿಂತುಬಿಟ್ಟನು. ಅಂಗಳದಲ್ಲಿ ಹಸಿರಿರಲಿಲ್ಲ. ಬರಿಯ ಮಣ್ಣು ಕಸಬರಿಗೆಯಲ್ಲಿ ಗುಡಿಸಿದಂತೆ ಹಸನಾಗಿತ್ತು. ಮೂಲೆಯಲ್ಲಿ ಬೇರುಸಹಿತ ಕಿತ್ತ ಎಳೆ ಕರಕಿಯ ಗುಡ್ಡೆ. ಅದರ ಪಕ್ಕದಲ್ಲಿ ಬೆವರೊರೆಸಿಕೊಳ್ಳುತ್ತ ಕುಳಿತ ಗಿರಣಿ ಓಣಿಯ ಹೆಣ್ಣುಮಕ್ಕಳು.

ತಿರಕವ್ವನ ಮುಖ ಸಂತೋಷದಿಂದ ಅರಳಿತ್ತು. "ನಸುಕಿನ್ಯಾಗ ಎದ್ದು ಬಂದೇವಪಾ. ನಿನ್ನೆ ತಟ್ಟಿ ಸಂದಿನ್ಯಾಗ ನೋಡಿದರ ನಿನ್ನ ವಿಲಾಯ್ತಿ ಹುಲ್ಲಿನ ಸುಳಿವಿಲ್ಲ, ಹಾಳಾದ ಕರಕಿ ಅದರ ಕುತ್ತಿಗಿ ಹಿಸುಕಿ ಎದ್ದಿತ್ತು. ಅಜ್ಜಾರು ಕಾಲಿಡೋ ನೆಲ. ಒಂದು ಎಳಿ ಬಿಟ್ಟಿಲ್ಲ. ಇದಕ್ಕ ಕೂಲಿ ಬ್ಯಾಡ. ಇದು ಸೇವಾ."

ಅಷ್ಟರಲ್ಲಿ ಸಾವಕಾರರು ಬಂಧುಗಳನ್ನೂ ಊರ ಹಿರಿಯರನ್ನೂ ಕರೆದುಕೊಂಡು ಲಾನ್ ತೋರಿಸಲು ಬಂದರು. ನೆಲವನ್ನು ನೋಡಿದರು, ಗುಡ್ಡೆಯನ್ನು ನೋಡಿದರು.

"ಯಾರು ಕಿತ್ತವರು?"

"ನಾವ ಕಿತ್ತೇವ್ರಿ," ಎಂದಳು ತಿರಕವ್ವ, ಮೆಚ್ಚುಗೆಗೆ ಕಾಯುವವಳಂತೆ.

"ಹಡಗದಾಗ ಬಂದ ಬೀಜ ಕಿತ್ತು ಕೂತೀರಿ. ಇನ್ನ ನಿಮ್ಮ ಓಣ್ಯಾಗಿನವರು ಒಬ್ಬರೂ ನನ್ನ ಗಿರಣಿ ಬಾಗಿಲಾ ತುಳೀಬ್ಯಾಡ್ರಿ."

ಆ ಓಣಿಗೆ ಗಿರಣಿಯೇ ಅನ್ನ. ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ತಿರಕವ್ವ ಒಂದು ಎಳೆಯನ್ನು ಬೆರಳಲ್ಲಿ ತಿರುವಿದಳು. "ಸಾವಕಾರ್ರ, ಇದು ಕರಕಿ ಅಲ್ಲೇನ್ರಿ? ಕಣ್ಣು ಕಟ್ಟಿ ಬಿಟ್ಟರೂ ನನ್ನ ಕೈಗೆ ಕರಕಿ ಗುರ್ತು ತಪ್ಪೂದಿಲ್ರಿ."

"ಗದಿಗೆಪ್ಪಾ, ನೀ ಹೇಳು."

ಎಲ್ಲರ ಕಣ್ಣು ಅವನ ಮೇಲೆ ನೆಟ್ಟಿತು. ಕರಕಿ ಎಂದರೆ ತಾನು ಮುಗಿದಂತೆ. ಊರ ತುಂಬ ವಿಲಾಯ್ತಿ ಎಂದು ಸಾರಿದ ಸಾವಕಾರರೂ ನಗೆಗೀಡಾಗುವರು. ಕರಕಿಯಲ್ಲ ಎಂದರೆ ಒಂದು ಓಣಿಯ ಒಲೆ ಆರುವುದು. ಅವನು ತಲೆ ತಗ್ಗಿಸಿ, "ಅವರಿಗೆ ತಿಳೀಲಿಲ್ರಿ," ಎಂದಷ್ಟೇ ಅಂದನು.

ಆಗಲೇ ಪೂಜ್ಯ ಶಿವಯೋಗಿಗಳು ಬಾಗಿಲಿಗೆ ದಯಮಾಡಿಸಿದರು. ನೆರೆದವರು ಮಾತು ನಿಲ್ಲಿಸಿ ದಾರಿ ಬಿಟ್ಟರು. ಪಡಸಾಲೆಯಲ್ಲಿ ರೇಷ್ಮೆಯ ಗದ್ದುಗೆ ಅಣಿಯಾಗಿತ್ತು. ಅವರು ಅತ್ತ ಹೋಗಲಿಲ್ಲ. ಮೂಲೆಯ ಗುಡ್ಡೆಯ ಬಳಿ ನಿಂತು ನಡೆದದ್ದನ್ನೆಲ್ಲ ತಿರಕವ್ವನ ಬಾಯಿಂದ ಕೇಳಿದರು. ಬಳಿಕ ಅಂಗಳದ ನಡುವಿಗೆ ಹೋಗಿ, ಬರಿಯ ಮಣ್ಣಿನ ಮೇಲೆ ಪದ್ಮಾಸನದಲ್ಲಿ ಕುಳಿತರು. ಅಂಗೈಯನ್ನು ಆ ಮಣ್ಣಿನೊಳಗೆ ಇಳಿಸಿದರು. ಅದು ಮಣಿಕಟ್ಟಿನವರೆಗೂ ತಡೆಯಿಲ್ಲದೆ ಇಳಿಯಿತು.

"ನೆಲಾ ಭಾಳ ಹದಾ ಮಾಡೀರಿ, ತಾಯಂದಿರಾ," ಎಂದರು.

ಅನಂತರ ಗದಿಗೆಪ್ಪನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ಬಿತ್ತೋ ಮುಂದ ಬೀಜದ ಹೆಸರು ಇವರಿಗೆ ಹೇಳಿದ್ದೇನಪಾ?"

"ಇಲ್ರಿ, ಅಜ್ಜಾರ."

"ಹೆಸರು ಮುಚ್ಚಿ ಕೊಟ್ಟರ, ಕೈ ತನಗ ಗೊತ್ತಿದ್ದದ್ದ ಮಾಡತೈತಿ."

ಇಷ್ಟೇ ನುಡಿದು ಅವರು ಕಣ್ಣು ಮುಚ್ಚಿದರು.

ಗದಿಗೆಪ್ಪ ತನ್ನೆದುರಿನ ಕೈಗಳನ್ನು ಅಂದೇ ಮೊದಲ ಬಾರಿ ನೋಡಿದನು. ಮಣ್ಣು ಮೆತ್ತಿದ ಆ ಬೆರಳುಗಳು ಬೇಸಿಗೆಯುದ್ದಕ್ಕೂ ಈ ನೆಲವನ್ನು ಹಿಟ್ಟಿನಂತೆ ಮಾಡಿದ್ದವು. ಇಷ್ಟು ದೊಡ್ಡ ಅಂಗಳದಲ್ಲಿ, ಮಬ್ಬು ಬೆಳಕಿನಲ್ಲಿ, ಒಂದು ಎಳೆಯನ್ನೂ ಹರಿಯದೆ ಬೇರುಸಹಿತ ಎತ್ತಿದ್ದವು. ಪುಣೆಯ ಆ ದೊಡ್ಡ ತೋಟದಲ್ಲಿಯೂ ಇಂಥ ಕೆಲಸವನ್ನು ಅವನು ಕಂಡಿರಲಿಲ್ಲ. ಇಂಥವರ ನಡುವೆ ಹುಟ್ಟಿದವನು ತಾನು ಎಂಬ ಹೆಮ್ಮೆ ನಾಚಿಕೆಯನ್ನು ತಳ್ಳಿಕೊಂಡು ಎದೆಯಲ್ಲಿ ಎದ್ದು ನಿಂತಿತು. ಅವನು ರುಮಾಲು ತೆಗೆದಿಟ್ಟು, ಅದುವರೆಗೂ ಬಾಗದ ತಲೆಯನ್ನು ಶಿವಯೋಗಿಗಳ ಪಾದಗಳ ಮೇಲೆ ಇರಿಸಿದನು. ಎದ್ದು ಸಾವಕಾರರೆದುರು ನಿಂತನು.

"ಸಾವಕಾರ್ರ, ಇದು ಕರಕೀರಿ. ನಿಮ್ಮ ಹೊಲದ ಬದುವಿನ ಮ್ಯಾಲ ಇರತೈತಲ್ಲ, ಅದ. ಮುಂಬಯಿ ಸಾಹೇಬರ ಅಂಗಳದಾಗ ಇದ್ದದ್ದೂ ಇದರ ಜಾತೀದ ಇದ್ದೀತು. ನಿಮಗೂ ಸುಳ್ಳು ಹೇಳಿದೆ, ಇವರಿಗೂ ಸುಳ್ಳು ಹೇಳಿದೆ. ಇವರ ಕೈ ತಪ್ಪಿಲ್ರಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಸಾವಕಾರ್ರ ಹಡಗ ನಮ್ಮ ಹಳ್ಳದಾಗ ಬಂದಿತ್ತೇನೋ." ಸಾವಕಾರರ ಮುಖ ಕಪ್ಪಿಟ್ಟಿತು. ಬೈಯಲು ಬಾಯಿ ತೆರೆದರು. ಆದರೆ ಗುರುಗಳು ಮಣ್ಣಿನಲ್ಲಿ ಕುಳಿತಿದ್ದರು, ಗದ್ದುಗೆ ಖಾಲಿಯಿತ್ತು. ಸಾವಕಾರರು ಜರಿಯ ಧೋತರವನ್ನು ಮೇಲೆತ್ತಿಕೊಂಡು, ಕಾಲು ಮಡಚಿ ಶಿವಯೋಗಿಗಳ ಬದಿಗೆ ಮಣ್ಣಿನಲ್ಲೇ ಕುಳಿತರು.

"ಪಾದಪೂಜಿ ಇಲ್ಲೇ ಆಗಲಿ," ಎಂದರು. ಹೆಣ್ಣುಮಕ್ಕಳ ಕಡೆ ನೋಡಿ, "ತಿರಕವ್ವಾ, ಗಿರಣಿ ಮಾತು ನಾ ತಿರುಗಿ ತಗೊಂಡೆ. ಹಂಗಾಮಿಗೆ ಎಲ್ಲಾರೂ ಬರ್ರಿ," ಎಂದರು.

"ಬರತೇವ್ರಿ," ಎಂದಳು ತಿರಕವ್ವ. ಸೆರಗಿನಿಂದ ಕಣ್ಣೊರೆಸಿಕೊಂಡು ಕಾಶವ್ವನತ್ತ ತಿರುಗಿದಳು. "ಜೀವಮಾನ ಎಲ್ಲಾ ಕಿತ್ತದ್ದನ್ನ ಈಗ ದುಡ್ಡು ಕೊಟ್ಟು ಬೆಳಸ್ತಾರಂತಲ್ಲೇ. ಮೊದಲ ಗೊತ್ತಿದ್ದರ ನಮ್ಮ ಬದುವಿಗೂ ತಟ್ಟಿ ಕಟ್ಟತಿದ್ದೆ."

ನೆರೆದವರೆಲ್ಲ ನಕ್ಕರು, ಶಿವಯೋಗಿಗಳ ತುಟಿಯಂಚಿನಲ್ಲಿಯೂ ಮಂದಹಾಸ ಮೂಡಿತೆಂದು ಅಂದು ಅಲ್ಲಿದ್ದವರು ಹೇಳುತ್ತಾರೆ. ಹೆಣ್ಣುಮಕ್ಕಳೇ ನೀರು ತಂದರು, ಹದಗೊಂಡ ಆ ನೆಲದ ಮೇಲೆಯೇ ಪಾದಪೂಜೆ ನಡೆಯಿತು. ಪೂಜೆ ಮುಗಿದು ಪ್ರಸಾದಕ್ಕೆ ಏಳುವ ಮುನ್ನ ಗದಿಗೆಪ್ಪ ಎಲ್ಲರಿಗೂ ಕೇಳುವಂತೆ ನಿಂತು ಹೇಳಿದನು:

"ನಾಳಿ ಮುಂಜಾನಿ ಈ ನೆಲಕ್ಕ ಮತ್ತ ಕರಕಿ ಬಿತ್ತತೇವಿ. ಬೀಜ ನನ್ನದು, ಚೆಲ್ಲೋ ಕೈ ತಿರಕವ್ವಂದು. ಇನ್ನ ಯಾವ ಊರಿನ ಬಂಗಲೆ ಕರದರೂ ನಾ ಒಬ್ಬನ ಹೋಗೂದಿಲ್ಲ, ಈ ಹೆಣ್ಣುಮಕ್ಕಳ ಕೂಡ ಹೋಗತೇನಿ, ಬಂದದ್ದರಾಗ ಸರೀಪಾಲು ಹಂಚಕೋತೇವಿ. ಏನು ಬಿತ್ತೀರಿ ಅಂತ ಕೇಳಿದವರಿಗೆ ಕರಕಿ ಅಂತನ ಹೇಳತೇವಿ."